ಅಕ್ಕನ ಎರಡು ಮಗ್ಗ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಊರಿಗೆ ಹೋಗಿದ್ದೆ. ಅಲ್ಲಿಂದ ತಲೆಯಲ್ಲಿ ಕೂತ ಒಂದು ಮಾತು ಇನ್ನೂ ಎದ್ದು ಹೋಗಿಲ್ಲ, ಅದನ್ನೇ ಬರೀತಿದ್ದೇನೆ.

ನಮ್ಮದು ಮುಧೋಳ. ಅಕ್ಕನನ್ನು ಕೊಟ್ಟಿರೋದು ಬನಹಟ್ಟಿಗೆ. ನೇಕಾರರ ಮನೆ, ನಾಲ್ಕು ಮಗ್ಗ, ದಿನವಿಡೀ ಖಟಖಟ. ಮಹಾಲಿಂಗಪುರದ ಮೇಲೆ ಹಾದು ಹೋದರೆ ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಬೆಲ್ಲದ ವಾಸನೆ. ಇಂಥ ಸಿಹಿ ಸೀಮೆಯಲ್ಲಿ ಅಕ್ಕನ ಮಗನಿಗೆ ಒಂಬತ್ತನೇ ವಯಸ್ಸಿಗೇ ಸಕ್ಕರೆ ಕಾಯಿಲೆ. ಈಗ ಅವನಿಗೆ ಹತ್ತೊಂಬತ್ತು.

"ಬೆಲ್ಲಾ ತಿನ್ನಿಸಿ ತಿನ್ನಿಸಿ ಹಿಂಗ ಮಾಡೀರಿ" ಅಂತ ಓಣಿಯವರು ಅಂದದ್ದನ್ನು ಅಕ್ಕ ಇವತ್ತಿಗೂ ಮರೆತಿಲ್ಲ. ಬೆಲ್ಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಟೈಪ್ 1. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಆಮೇಲೆ ಸೂಜಿಯೇ ಗತಿ. 1922ಕ್ಕಿಂತ ಮೊದಲು ಅದೂ ಇರಲಿಲ್ಲ. ಆ ವರ್ಷ ಟೊರೊಂಟೋದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅಲ್ಲಿಯವರೆಗೆ ಇಂಥ ಮಕ್ಕಳು ಬದುಕುತ್ತಲೇ ಇರಲಿಲ್ಲ.

ರಾತ್ರಿ ಊಟ ಆದಮೇಲೆ ಅಕ್ಕ ಮೆಲ್ಲಗೆ ಕೇಳಿದಳು.

"ತಮ್ಮಾ, ಅದನ್ನ ತಗದು ಹೊಸಾದು ಹಾಕ್ತಾರಂತ, ಮೊಬೈಲ್‌ನಾಗ ನೋಡೇನಿ. ಎರಡು ಮಗ್ಗಾ ಮಾರ್ತೀವಿ. ಸಿಗಲಿಲ್ಲಂದ್ರ ನಂದ ಅರ್ಧಾ ಕೊಯ್ದು ಹಾಕ್ಲಿ. ಆಗಂಗಿಲ್ಲೇನು?"

ನಾನು ಸುಮ್ಮನೆ ಕೂತೆ. ಅವಳ ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತಿತ್ತು. ಬೀಳಗಿಯ ನಮ್ಮ ಕಾಕಾ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕಳಕೊಂಡು, ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಬಾಗಲಕೋಟೆಗೆ ಓಡಾಡಿ ಓಡಾಡಿ ತೀರಿಕೊಂಡರು. ಅಕ್ಕ ಅದನ್ನೆಲ್ಲ ಹತ್ತಿರದಿಂದ ನೋಡಿದವಳು.

ಅವಳು ನೋಡಿದ್ದು ಸುಳ್ಳಲ್ಲ. 1966ರ ಡಿಸೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಕೆಲ್ಲಿ ಮತ್ತು ರಿಚರ್ಡ್ ಲಿಲೆಹೈ ಎಂಬ ವೈದ್ಯರು 28 ವರ್ಷದ ಹೆಂಗಸೊಬ್ಬಳಿಗೆ ಮೊದಲ ಸಲ ಮೇದೋಜೀರಕ ಕಸಿ ಮಾಡಿದರು. ಜೊತೆಗೆ ಕಿಡ್ನಿಯನ್ನೂ. ಆಕೆ ಹೆಚ್ಚು ದಿನ ಬದುಕಲಿಲ್ಲ, ಆದರೆ ದಾರಿ ತೆರೆಯಿತು. ಈಗ ನಮ್ಮ ದೇಶದಲ್ಲೂ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಹಳೆಯದನ್ನು ತೆಗೆಯುವುದಿಲ್ಲ, ಅದರ ಪಾಡಿಗೆ ಅದು ಇರುತ್ತದೆ. ಹೊಸದನ್ನು ಕಿಬ್ಬೊಟ್ಟೆಯಲ್ಲಿಟ್ಟು ರಕ್ತನಾಳಗಳಿಗೆ ಜೋಡಿಸುತ್ತಾರೆ. ಸರಿಯಾಗಿ ಹಿಡಿದರೆ ಇನ್ಸುಲಿನ್ ಸೂಜಿ ನಿಲ್ಲುತ್ತದೆ.

ಆದರೆ ಸೂಜಿ ಹೋದ ಜಾಗಕ್ಕೆ ಮಾತ್ರೆ ಬರುತ್ತದೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆಗಳು, ಆ ಅಂಗ ಕೆಲಸ ಮಾಡುವಷ್ಟು ದಿನವೂ. ಅದರಿಂದ ಸೋಂಕಿನ ಭಯ, ಕೆಲವು ಕ್ಯಾನ್ಸರುಗಳ ಭಯ. ಹಾಗಾಗಿ ಹೆಚ್ಚಾಗಿ ಕಿಡ್ನಿಯೂ ಹೋದವರಿಗೇ ಈ ಕಸಿ. ಕಿಡ್ನಿಗಾಗಿ ಹೇಗೂ ಆ ಮಾತ್ರೆ ನುಂಗಬೇಕಲ್ಲ! ಬದುಕಿರುವವರಿಂದ ತುಂಡು ತೆಗೆದು ಹಾಕಿದ್ದೂ ಉಂಟು, ಆದರೆ ಬಲು ಅಪರೂಪ. ಕೊಟ್ಟವರಿಗೇ ಸಕ್ಕರೆ ಕಾಯಿಲೆ ಬರಬಹುದು.

"ಅಂದ್ರ ಕಿಡ್ನಿ ಹೋಗೂತನಕಾ ಕಾಯಬೇಕೇನು?" ಅಂದಳು ಅಕ್ಕ.

"ಅಲ್ಲಕ್ಕಾ. ಹೋಗಧಂಗ ನೋಡ್ಕೋಬೇಕು. ಮಗ್ಗಾ ಮಾರಬ್ಯಾಡ."

ಮರುದಿನ ಹುಡುಗನನ್ನು ಜಮಖಂಡಿಗೆ ಕರಕೊಂಡು ಹೋದೆ. ಹತ್ತು ವರ್ಷದಲ್ಲಿ ಒಂದು ಸಲವೂ ಅವನ ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಆಗಿರಲಿಲ್ಲ! ಟೈಪ್ 1 ಬಂದು ಐದು ವರ್ಷವಾದ ಮೇಲೆ ಪ್ರತಿ ವರ್ಷ ಮಾಡಿಸಬೇಕಾದದ್ದು ಇದು. ಕಿಡ್ನಿಗೆ ಪೆಟ್ಟು ಬೀಳುತ್ತಿದ್ದರೆ ಮೊದಲು ಸುಳಿವು ಸಿಗೋದು ಇದರಲ್ಲೇ. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ಬಹಳ ಕಡಿಮೆಯಾಗುತ್ತದೆ ಅಂತ 1993ರಲ್ಲೇ ಅಮೆರಿಕದ ದೊಡ್ಡದೊಂದು ಅಧ್ಯಯನ ತೋರಿಸಿಕೊಟ್ಟಿದೆ. ನಮ್ಮನೆಯಲ್ಲಿ ಮಾತ್ರ ಗ್ಲುಕೋಮೀಟರಿನ ಸ್ಟ್ರಿಪ್ ಖರ್ಚಾಗುತ್ತೆ ಅಂತ ವಾರಕ್ಕೊಮ್ಮೆ ನೋಡುತ್ತಿದ್ದರು. ಒಂದು ಕಡೆ ಮಗ್ಗ ಮಾರಲು ತಯಾರು, ಇನ್ನೊಂದು ಕಡೆ ಸ್ಟ್ರಿಪ್‌ಗೆ ಲೆಕ್ಕ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಜೆ ವರದಿ ಬಂತು. ಆಲ್ಬುಮಿನ್ ಮಿತಿಯೊಳಗೇ ಇತ್ತು. ನನಗೆ ಹೋದ ಜೀವ ಬಂದಂಗಾಯ್ತು.

ಆ ರಾತ್ರಿ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಹುಡುಗ ಹರವಿಯ ಪಕ್ಕದಲ್ಲಿ ತಂಪಿಗೆ ಇಟ್ಟಿದ್ದ ಇನ್ಸುಲಿನ್ ಬಾಟಲಿ ತೆಗೆದು, ಮೊಬೈಲಿನ ಬೆಳಕಿನಲ್ಲಿ ಚುಚ್ಚಿಕೊಂಡ. ಅಕ್ಕ ಎಂದಿನಂತೆ ಮುಖ ಆ ಕಡೆ ತಿರುಗಿಸಿದಳು.

"ಮಾಮಾ, ನನಗ ಸೂಜಿ ರೂಢಿ ಆಗೇತಿ. ಅವ್ವಗಿನ್ನೂ ಆಗಿಲ್ಲ ನೋಡ್ರಿ" ಅಂದ, ರೊಟ್ಟಿ ಮುರಿಯುತ್ತಾ.

ನಿಮ್ಮ ಮನೆಯಲ್ಲೂ ಇಂಥ ಮಕ್ಕಳಿದ್ದರೆ ಆ ಮೂತ್ರ ಪರೀಕ್ಷೆ ಆಗಿದೆಯಾ ಅಂತ ಒಮ್ಮೆ ಕೇಳಿ. ಅಕ್ಕನ ನಾಲ್ಕೂ ಮಗ್ಗ ಸದ್ಯಕ್ಕಂತೂ ನಡೀತಿವೆ.