ಕಡ್ಲೆ–ಬಜಿಲ್ ಮತ್ತು ಜಪಾನಿನ ಒದೆನ್

ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ ಕಡೆಯ ಸಣ್ಣ ಹೋಟೆಲುಗಳಲ್ಲಿ ಬೆಳಗಿನ ಚಹಾದ ಜೊತೆ ‘ಕಡ್ಲೆ–ಬಜಿಲ್’ ಕೇಳುವವರುಂಟು. ಬಜಿಲ್ ಎಂದರೆ ತುಳುವಿನಲ್ಲಿ ಅವಲಕ್ಕಿ. ಮಸಾಲೆ ಹುಡಿ, ಬೆಲ್ಲ, ತೆಂಗಿನತುರಿ ಕಲಸಿದ ತೆಳು ಅವಲಕ್ಕಿ. ಜೊತೆಗೆ ರಾತ್ರಿ ನೆನೆಹಾಕಿ ಬೇಯಿಸಿದ ಕಪ್ಪು ಕಡಲೆ. ಕಡಿಮೆ ದುಡ್ಡಿನಲ್ಲಿ ಮಧ್ಯಾಹ್ನದವರೆಗೆ ಹಸಿವು ತಡೆಯುವ ತಿಂಡಿ.

ಈ ತಟ್ಟೆಯಲ್ಲಿ ಒಂದು ಭೂಗೋಳದ ಪಾಠವೇ ಇದೆ. ಅವಲಕ್ಕಿಯ ಭತ್ತ ಕರಾವಳಿಯ ನೀರು ನಿಲ್ಲುವ ಗದ್ದೆಯ ಬೆಳೆ. ಕಡಲೆಗೆ ಇಲ್ಲಿಯ ಮಳೆ ಆಗದು. ಧಾರವಾಡ, ಗದಗ, ಕಲಬುರಗಿಯ ಕಪ್ಪು ಮಣ್ಣಿನಲ್ಲಿ ಉಳಿದ ತೇವದಿಂದ ಹಿಂಗಾರಿನಲ್ಲಿ ಬೆಳೆದು, ಅದು ಘಟ್ಟ ಇಳಿದು ಬರಬೇಕು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಅದನ್ನು ಭಾರತಕ್ಕೆ ತಂದವರು 16ನೇ ಶತಮಾನದ ಪೋರ್ಚುಗೀಸರು.

ಜಪಾನಿನಲ್ಲಿಯೂ ಇಂಥದೊಂದು ಬಡವರ ತಿಂಡಿ ಇದೆ: ಒದೆನ್. ಮೂಲಂಗಿ, ಮೊಟ್ಟೆ, ಮೀನಿನ ಹಿಟ್ಟಿನ ತುಂಡುಗಳನ್ನು ಸೋಯಾ ಸಾರಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ಚಳಿಗಾಲದಲ್ಲಿ ಮಾರುತ್ತಾರೆ. ಹೆಸರಿನ ಮೂಲ ‘ದೆಂಗಾಕು’. ನಾಟಿಯ ಗದ್ದೆಯ ಹಾಡು–ಕುಣಿತದಿಂದ ಬೆಳೆದ ಕಲೆ. ಕಡ್ಡಿಗೆ ಚುಚ್ಚಿದ ತೋಫು, ಒಂಟಿ ಮರಗಾಲಿನ ಮೇಲೆ ನಿಂತ ಆ ಕುಣಿತಗಾರನಂತೆ ಕಂಡದ್ದರಿಂದ ತಿಂಡಿಗೂ ಅದೇ ಹೆಸರು ಬಂತೆನ್ನುತ್ತಾರೆ. ನೇಜಿ ನೆಡುವಾಗ ಪಾಡ್ದನ ಹಾಡಿದ ತುಳುನಾಡಿಗೆ ಇದು ಅಪರಿಚಿತವೆನಿಸದು.

ಒದೆನ್ ಟೋಕಿಯೊ ಸೀಮೆಯಿಂದ ಒಸಾಕಾಕ್ಕೆ ಹೋದಾಗ ‘ಕಾಂತೊ–ದಾಕಿ’, ಅಂದರೆ ಕಾಂತೊ ಸೀಮೆಯ ಬೇಯಿಸಿದ ತಿಂಡಿ ಎನಿಸಿತು. ಜಪಾನಿನ ಆಳ್ವಿಕೆ ಕಂಡ ತೈವಾನ್ (1895–1945), ಕೊರಿಯಗಳಲ್ಲಿ (1910–1945) ನೆಲೆನಿಂತು ಹೆಸರನ್ನೂ ರುಚಿಯನ್ನೂ ಬದಲಿಸಿಕೊಂಡಿತು. ಊರು ಬಿಟ್ಟ ತಿಂಡಿಗೆ ಊರೇ ಹೆಸರಾಗುವುದು ಇಲ್ಲಿಯೂ ಉಂಟು: ಕರಾವಳಿಯ ಗೋಳಿಬಜೆ ಬೆಂಗಳೂರಿನಲ್ಲಿ ‘ಮಂಗಳೂರು ಬಜ್ಜಿ’.

ಕಡ್ಲೆ–ಬಜಿಲ್ ಅಷ್ಟು ಹೆಸರು ಮಾಡಲಿಲ್ಲ. ಒದೆನ್ನಿನಂತೆ ದಿನವಿಡೀ ಒಲೆಯ ಮೇಲೆ ಕಾಯುವ ಸ್ವಭಾವ ಅದರದಲ್ಲ. ಕಲಸಿದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತದೆ. ಉಳಿದರೆ ಊರಿನಲ್ಲೇ ಉಳಿಯಬೇಕು. ಆದರೆ ಊರಿನಲ್ಲಿ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಅಡಿಕೆಯ ಆದಾಯದಿಂದ ಮಕ್ಕಳ ಫೀಸು ಕಟ್ಟುವ ತಂದೆತಾಯಿಯರನ್ನು ದೂರುವಂತಿಲ್ಲ. ಆದರೂ ನೇಜಿ ನೆಡುವುದನ್ನೇ ಕಾಣದ ಮಗುವಿಗೆ ಬಜಿಲ್ ಎಂದರೆ ಅಂಗಡಿಯ ಪೊಟ್ಟಣ ಮಾತ್ರ. ಭತ್ತ ನೆನೆಸಿ, ಹುರಿದು, ಒನಕೆಯಲ್ಲಿ ಕುಟ್ಟಿ ಅವಲಕ್ಕಿ ಮಾಡಿದ ಅಜ್ಜಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಕೇಳಿ ತಿಳಿಯುವುದಕ್ಕೆ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಿಲ್ಲ.