ಜಿನೀವಾ ಸರೋವರದ ತೀರದಲ್ಲಿ ಬುತ್ತಿಯ ಲೆಕ್ಕ

ಅಮೆರಿಕಾ ದೇಶದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಷಿಕಾಗೋ ನಗರಕ್ಕೆ ವಾಯವ್ಯದಲ್ಲಿ ಸುಮಾರು ೮೦ ಮೈಲಿಗಳ ದೂರದಲ್ಲಿ, ಲೇಕ್ ಜಿನೀವಾ ಎಂಬ ಸಣ್ಣ ಊರೊಂದಿರುವುದು. ಊರಿಗೆ ಹೊಂದಿಕೊಂಡಿರುವ ಸರೋವರವು ಬುಗ್ಗೆಗಳಿಂದ ತುಂಬುವಂಥದಾದುದರಿಂದ ನೀರು ಬಹು ನಿರ್ಮಲ. ೧೮೭೧ರಲ್ಲಿ ಷಿಕಾಗೋ ನಗರವು ಅಗ್ನಿಗೆ ಆಹುತಿಯಾದ ಬಳಿಕ ಅಲ್ಲಿಯ ಅನೇಕ ಧನಿಕರು ಈ ದಡದಲ್ಲಿ ಬೇಸಗೆಯ ಸೌಧಗಳನ್ನು ಕಟ್ಟಿಸಿಕೊಂಡರು. ಇಂದಿಗೂ ಬೇಸಗೆಯಲ್ಲಿ ಇಲ್ಲಿ ಅಂಚೆಯು ದೋಣಿಯಲ್ಲಿ ಬರುವುದು. ದೋಣಿಯು ನಿಲ್ಲದೆ ಸಾಗುತ್ತಿರಲು, ಹುಡುಗ ಹುಡುಗಿಯರು ಕಟ್ಟೆಗೆ ಹಾರಿ, ಕಾಗದಗಳನ್ನು ಪೆಟ್ಟಿಗೆಯಲ್ಲಿಟ್ಟು, ಓಡಿಬಂದು ಮತ್ತೆ ದೋಣಿಗೆ ನೆಗೆಯುವರು.

ಷಿಕಾಗೋವಿನಲ್ಲಿರುವ ನನ್ನ ಮಗನು ಕಳೆದ ಬೇಸಗೆಯಲ್ಲಿ ನಮ್ಮನ್ನು ಮೂರು ದಿನಗಳ ವಾಸಕ್ಕೆಂದು ಇಲ್ಲಿಗೆ ಕರೆದೊಯ್ದನು. ನನ್ನ ಹದಿನಾರು ವರ್ಷದ ಮೊಮ್ಮಗನಿಗೆ ಮಾತ್ರ ಸರೋವರಕ್ಕಿಂತ ಊರೊಳಗಿನ ಒಂದು ಕಟ್ಟಡವೇ ಕ್ಷೇತ್ರವಾಗಿತ್ತು. ಅದು ಹಾರ್ಟಿಕಲ್ಚರಲ್ ಹಾಲ್ ಎಂಬ ಸಭಾಭವನ. ಈ ಊರಿನವರಾದ ಗ್ಯಾರಿ ಗೈಗ್ಯಾಕ್ಸ್ ಎಂಬುವರು ೧೯೬೮ರಲ್ಲಿ ಈ ಭವನವನ್ನು ಬಾಡಿಗೆಗೆ ಹಿಡಿದು ಕಾಲ್ಪನಿಕ ಯುದ್ಧದಾಟಗಳ ಪ್ರೇಮಿಗಳನ್ನು ಕೂಡಿಸಿದರು. ಜೆನ್ ಕಾನ್ ಎಂಬ ಆ ಮೇಳವು ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಗೈಗ್ಯಾಕ್ಸರೂ ಮಿನ್ನೆಸೋಟಾದ ಡೇವ್ ಆರ್ನೆಸನ್ನರೂ ಕೂಡಿ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು ೧೯೭೪ರಲ್ಲಿ ಈ ಊರಿನಿಂದಲೇ ಹೊರಟಿತು. ಮೊದಲ ಮುದ್ರಣ ೧೦೦೦ ಪ್ರತಿಗಳು ಮಾತ್ರ.

ಈ ಆಟದ ಸ್ವರೂಪವನ್ನು ವಾಚಕರಿಗೆ ಎರಡು ಮಾತಿನಲ್ಲಿ ತಿಳಿಸಬೇಕು. ಒಬ್ಬನು ಸೂತ್ರಧಾರನಾಗಿ ಕಥೆ ಹೇಳುವನು. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ತಾವೇನು ಮಾಡುವೆವೆಂಬುದನ್ನು ಬಾಯಿಂದ ನುಡಿಯುವರು. ಸಂದೇಹವಿದ್ದೆಡೆ ಇಪ್ಪತ್ತು ಮುಖಗಳ ದಾಳವು ತೀರ್ಪು ಕೊಡುವುದು. "ಇದೆಲ್ಲ ಕಾಲಹರಣವಲ್ಲವೆ? ನೀವೇ ಕುಳಿತು ನೋಡಿ ಹೇಳಿ, ಮಾವ. ಬೇಡವೆಂದರೆ ಬಿಡಿಸಿಬಿಡುತ್ತೇನೆ" ಎಂದು ಸೊಸೆಯು ನನ್ನ ಮೇಲೆ ಭಾರ ಹೊರಿಸಿದ್ದಳು. ಆದಕಾರಣ ನಿಯಮಗಳ ಗ್ರಂಥವನ್ನೇ ತರಿಸಿ ಓದತೊಡಗಿದೆನು.

ಗ್ರಂಥದಲ್ಲಿ ನನ್ನ ಮನಸ್ಸನ್ನು ಸೆಳೆದುದು ಖಡ್ಗವೂ ಅಲ್ಲ, ರಾಕ್ಷಸರೂ ಅಲ್ಲ, ಅನ್ನದ ವಿಚಾರ. ೧೯೭೪ರ ಮೂಲಗ್ರಂಥದಲ್ಲಿಯೇ ಒಬ್ಬನ ಒಂದು ವಾರದ ಸಾಧಾರಣ ಬುತ್ತಿಗೆ ೫ ಚಿನ್ನದ ನಾಣ್ಯ, ನೆಲಮಾಳಿಗೆಗಳ ಸಂಚಾರಕ್ಕೆಂದು ಕಟ್ಟಿದ ವಿಶೇಷ ಬುತ್ತಿಗೆ ೧೫ ನಾಣ್ಯ ಎಂದು ಬೆಲೆ ಕಟ್ಟಿರುವರು. ೨೦೧೪ರ ಆವೃತ್ತಿಯಂತೆ ಒಬ್ಬನಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಅರ್ಧ ಕಿಲೋವಿಗೆ ತುಸು ಕಡಿಮೆ, ಆಹಾರ ಬೇಕು. ಸಾಮಾನ್ಯ ದೇಹಬಲದವನು ೩ ದಿನ ನಿರಾಹಾರನಾಗಿರಬಲ್ಲನು. ಅದನ್ನು ಮೀರಿದ ಪ್ರತಿದಿನದ ಕೊನೆಗೂ ಬಳಲಿಕೆಯ ಒಂದೊಂದು ಮೆಟ್ಟಿಲು. ಆರನೆಯ ಮೆಟ್ಟಿಲೇ ಮರಣ. ಅರೆಹೊಟ್ಟೆ ಉಂಡ ದಿನವನ್ನು ಅರ್ಧ ದಿನದ ಉಪವಾಸವೆಂದು ಎಣಿಸಬೇಕು.

ಅನ್ನವನ್ನು ಸೃಷ್ಟಿಸುವ ಮಂತ್ರಗಳೂ ಉಂಟು. ಒಂದು ಮಂತ್ರದಿಂದ ಹತ್ತು ಹಣ್ಣುಗಳು ದೊರೆಯುವುವು. ಒಂದು ಹಣ್ಣು ಒಬ್ಬನಿಗೆ ಒಂದು ದಿನದ ಆಹಾರ. ಇನ್ನೊಂದರಿಂದ ಹದಿನೈದು ಮಂದಿಗೆ ಸಾಲುವ ಅನ್ನಪಾನಗಳು ಹುಟ್ಟುವುವು, ಆದರೆ ಆ ಅನ್ನವು ಸಪ್ಪೆ. 'ವೀರರ ಔತಣ' ಎಂಬುದು ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ೧೦೦೦ ಚಿನ್ನದ ನಾಣ್ಯ ಬೆಲೆಯ ರತ್ನಖಚಿತ ಪಾತ್ರೆಯೊಂದು ವ್ಯಯವಾಗಬೇಕು. ಹನ್ನೆರಡು ಮಂದಿಯವರೆಗೆ ಉಣ್ಣಬಹುದು. ಉಂಡವರಿಗೆ ರೋಗವೂ ವಿಷವೂ ನೀಗಿ, ಒಂದು ಅಹೋರಾತ್ರಿ ಭಯವು ಸುಳಿಯದು. ಆದರೆ ಈ ಊಟಕ್ಕೆ ಪೂರ್ತಿ ಒಂದು ಗಂಟೆ ಬೇಕು, ಆ ಗಂಟೆ ಮುಗಿಯುವವರೆಗೆ ಫಲವಿಲ್ಲ. ಪಂಕ್ತಿಯಲ್ಲಿ ನಡುವೆ ಏಳಬಾರದೆಂದು ಹಿರಿಯರಿಂದ ಗದರಿಸಿಕೊಂಡು ಬೆಳೆದ ನನಗೆ ಈ ನಿಯಮವು ಬಹಳ ಹಿಡಿಸಿತು. ನಮ್ಮ ಭಾರತದ ಅಕ್ಷಯಪಾತ್ರೆಗೂ ಇಂಥದೇ ಕಟ್ಟಲೆ: ದ್ರೌಪದಿಯು ಉಂಡಳೆಂದರೆ ಅಂದಿಗೆ ಮುಗಿಯಿತು. ಕಟ್ಟಲೆಯಿಲ್ಲದ ಪಾತ್ರೆಯಾಗಿದ್ದರೆ ದೂರ್ವಾಸರ ಆಗಮನದಿಂದ ಆಕೆಗೆ ಅಂಜಿಕೆಯೂ ಇರುತ್ತಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನದಿಂದಲೇ ಮಳೆ ಹಿಡಿಯಿತು. ಮೊಮ್ಮಗನೂ ಜೊತೆಗೆ ಬಂದಿದ್ದ ಸ್ನೇಹಿತರೂ ಆಟಕ್ಕೆ ಕುಳಿತರು. ಹಿಮದ ಕಣಿವೆ, ನಾಲ್ವರು ಪಥಿಕರು, ಎಲ್ಲರದೂ ಸಾಮಾನ್ಯ ದೇಹಬಲ, ಅನ್ನದ ಮಂತ್ರ ಯಾರಿಗೂ ಬಾರದು. ಕೈಯಲ್ಲಿರುವುದು ೮ ಪೌಂಡ್ ಬುತ್ತಿ. ದಾರಿಯೋ ಇನ್ನೂ ನಾಲ್ಕು ದಿನದ್ದು. ಅರೆಹೊಟ್ಟೆಯಲ್ಲಿ ನಡೆದರೆ ಸರಿಯಾಗಿ ಸಾಕು. ಅಷ್ಟರಲ್ಲಿ ಸೂತ್ರಧಾರನು, ದಾರಿಯ ಬದಿಯಲ್ಲಿ ಒಬ್ಬ ಮುದುಕಿಯೂ ಮಗುವೂ ಹಸಿದು ಕುಳಿತಿರುವರೆಂದನು.

"ಬಿಟ್ಟು ಹೋಗಬೇಕು, ತಾತ. ಲೆಕ್ಕ ಕೂಡುವುದಿಲ್ಲ" ಎಂದನು ಮೊಮ್ಮಗ.

ನಾನು ಮಾತಾಡಲಿಲ್ಲ. ಅವರಲ್ಲಿ ಕಿರಿಯಳಾದ ಹುಡುಗಿಯೊಬ್ಬಳು ಕಾಗದವನ್ನು ಎಳೆದುಕೊಂಡು ಬರೆಯತೊಡಗಿದಳು. ಮೊದಲ ಎರಡು ದಿನ ಆರು ಮಂದಿಯೂ ಅರೆಹೊಟ್ಟೆ ಉಂಡರೆ ೬ ಪೌಂಡ್ ಕಳೆಯಿತು. ಉಳಿದ ೨ ಪೌಂಡನ್ನು ಕೊನೆಯ ಎರಡು ದಿನ ಮುದುಕಿಗೂ ಮಗುವಿಗೂ ಅರ್ಧರ್ಧದಂತೆ ಕೊಡಬೇಕು. ನಾಲ್ವರು ಪಥಿಕರು ನಿರಾಹಾರರಾಗಿರಬೇಕು. ಆಗ ಅವರ ಉಪವಾಸ ಒಂದು, ಎರಡು ಸೇರಿ ಮೂರು ದಿನ: ಮೇರೆಯನ್ನು ಮುಟ್ಟಿತು, ಮೀರಲಿಲ್ಲ. ಒಂದು ದಿನ ತಡವಾದರೂ ಆ ನಾಲ್ವರಿಗೂ ಬಳಲಿಕೆ ತಪ್ಪದು. ಮೊಮ್ಮಗನು ಆ ಕಾಗದವನ್ನು ಬಹಳ ಹೊತ್ತು ನೋಡಿ, "ಸರಿ, ಮಗುವನ್ನು ನಾನು ಹೊರುತ್ತೇನೆ" ಎಂದನು. ನಲವತ್ತೆಂಟು ದಿನ ಉಪವಾಸವಿದ್ದು, ದೊರೆತ ಅನ್ನವನ್ನೂ ಬಂದವರಿಗೆ ಇಕ್ಕಿದ ರಂತಿದೇವನ ಕಥೆಯನ್ನು ನಾನು ಎಷ್ಟೋ ವರ್ಷ ತರಗತಿಗಳಲ್ಲಿ ಹೇಳಿರುವೆನು. ಮಕ್ಕಳು ಕೇಳಿ, ಪರೀಕ್ಷೆಯಲ್ಲಿ ಬರೆದು, ಮರೆತಿರುವರು. ಇಲ್ಲಿ ಮೊದಲು ತಮ್ಮ ಪಾಲನ್ನು ತೂಗಿದರು, ಬಳಿಕ ಕೊಟ್ಟರು.

ಅನೇಕ ಮೇಳಗಳಲ್ಲಿ ಈ ಬುತ್ತಿಯ ಲೆಕ್ಕವನ್ನು ಬೇಸರವೆಂದು ಕೈಬಿಡುವರಂತೆ. ಲೆಕ್ಕವನ್ನು ಬಿಟ್ಟರೆ ಹಸಿವು ಹೋಗುವುದು. ಹಸಿವು ಹೋದರೆ ಅತಿಥಿಗೆ ಇಕ್ಕುವುದರಲ್ಲಿ ಹಿರಿಮೆಯೇನು? ಆಟವನ್ನು ಬಿಡಿಸಬೇಡವೆಂದು ಸೊಸೆಗೆ ಹೇಳಿದೆನು. ಲೆಕ್ಕವನ್ನು ಮಾತ್ರ ಬಿಡದಿರಲೆಂದು ಮಕ್ಕಳಿಗೆ ಹೇಳಿದೆನು.

ಮರುದಿನ ಶುಕ್ರವಾರ. ವಿಸ್ಕಾನ್ಸಿನ್ ಸೀಮೆಯಲ್ಲಿ ಅಂದಿನ ರಾತ್ರಿ ಮೀನಿನೂಟಕ್ಕೆ ಕುಟುಂಬಗಳು ಕೂಡಿ ಹೊರಡುವ ವಾಡಿಕೆ. ನಮ್ಮ ಮನೆಯವರು ಸೊಸೆಯು ಕಲಸಿದ ಮೊಸರನ್ನಕ್ಕೆ ಮಕ್ಕಳೊಡನೆ ಒಂದೇ ಮೇಜಿಗೆ ಕುಳಿತೆವು. ಷಿಕಾಗೋವಿನ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತಿನ ಊಟ. ಅಂದು ಮಾತ್ರ ಕೊನೆಯವರು ಮುಗಿಸುವವರೆಗೆ ಒಬ್ಬರೂ ಏಳಲಿಲ್ಲ. ವಾರಕ್ಕೊಂದು ರಾತ್ರಿಯಾದರೂ ಹೀಗೆಯೇ ಕೂಡಿ ಉಣ್ಣತಕ್ಕದ್ದೆಂದು ಸೊಸೆಯು ಅಲ್ಲಿಯೇ ಗೊತ್ತುಮಾಡಿದಳು.