ತಮ್ಮನ ಹಾಡು

ನನ್ನ ತಮ್ಮನು ಗಿಟಾರ್ ನುಡಿಸುತ್ತಿದ್ದನು, ನನ್ನದು ಮ್ಯಾಂಡೊಲಿನ್. ಒಂದೇ ಮನೆಯಲ್ಲಿದ್ದ ಈ ಎರಡು ವಾದ್ಯಗಳು ಒಂದು ದಿನವಾದರೂ ಜೊತೆಯಾಗಿ ನುಡಿಯಲಿಲ್ಲವೆಂದರೆ ಆ ಅಪರಾಧವು ನನ್ನದೇ. 1968ರಲ್ಲಿ ಅವನು ಎಲ್ಲಿಂದಲೋ ಒಂದು ಗ್ರಾಮಾಫೋನ್ ತಟ್ಟೆಯನ್ನು ತಂದು, "ಅಣ್ಣಾ, ಇದನ್ನ ನಿನ್ನ ಮ್ಯಾಂಡೊಲಿನ್ನಿಗೂ ಹೊಂದಿಸು, ಇಬ್ಬರೂ ನುಡಿಸೋಣ" ಎಂದನು. ಆಗತಾನೆ ನಾಲ್ಕು ವರ್ಣಗಳನ್ನು ಕಲಿತು ಬೀಗುತ್ತಿದ್ದ ನಾನು, "ಮೂರು ಸ್ವರದ ಗದ್ದಲಕ್ಕೆ ನನ್ನ ವಾದ್ಯ ಯಾಕೋ?" ಎಂದು ನಕ್ಕುಬಿಟ್ಟೆನು. ಅವನು ಮತ್ತೊಮ್ಮೆ ಕೇಳಲಿಲ್ಲ. ಕಳೆದ ವರ್ಷ ಅವನು ತೀರಿಕೊಂಡನು. ವರ್ಷಾಂತಿಕ ಮುಗಿದ ಮರುದಿನ ಮನೆಮಂದಿಯ ಮುಂದೆ ಆ ಹಾಡನ್ನೇ ನುಡಿಸಬೇಕೆಂದು ಅವನ ಮಗಳು ಹಟ ಹಿಡಿದಳು. "ಅಪ್ಪನ ಗಿಟಾರ್ ನಾನು ನುಡಿಸ್ತೀನಿ. ನೀವು ಜೊತೆಗೆ ಬರಬೇಕು, ದೊಡ್ಡಪ್ಪ."

ಹಾಡು ಚಕ್ ಬೆರ್ರಿಯ 'ಜಾನಿ ಬಿ. ಗುಡ್'. ಅಮೆರಿಕಾ ದೇಶದ ಸೇಂಟ್ ಲೂಯಿಸ್ ನಗರದಲ್ಲಿ 1926ರಲ್ಲಿ ಹುಟ್ಟಿದ ಈ ಗಾಯಕನು ಅದನ್ನು ಷಿಕಾಗೋದ ಚೆಸ್ ಕಂಪನಿಗಾಗಿ ಹಾಡಿದನು; ತಟ್ಟೆ ಹೊರಬಂದದ್ದು 1958ರಲ್ಲಿ. ಓದುಬರಹವನ್ನು ಸರಿಯಾಗಿ ಅರಿಯದ ಹಳ್ಳಿಯ ಹುಡುಗನೊಬ್ಬನು ಗಿಟಾರ್ ಬಾರಿಸಿ ಹೆಸರು ಪಡೆಯುವನೆಂಬುದೇ ಅದರ ಕಥೆ. 1977ರಲ್ಲಿ ವಾಯೇಜರ್ ನೌಕೆಗಳು ಆಕಾಶಕ್ಕೆ ಹೊತ್ತೊಯ್ದ ಚಿನ್ನದ ಲೇಪದ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ, ಈ ಹಾಡೂ ಇದೆ. ನಾನು ನಕ್ಕ ಗದ್ದಲಕ್ಕೆ ದೊರೆತ ನೆರೆಹೊರೆ ಎಂಥದೆಂಬುದನ್ನು ವಾಚಕರು ಗಮನಿಸಬೇಕು.

ಮೊದಲು ನಾನು ಹಾಡಿನ ಪ್ರಾರಂಭದಲ್ಲಿ ಗಿಟಾರ್ ನುಡಿಸುವ ಪ್ರಸಿದ್ಧವಾದ ಪೀಠಿಕೆಗೇ ಕೈಯಿಟ್ಟೆನು. ಪಾಶ್ಚಾತ್ಯರ ಪದ್ಧತಿಯಂತೆ ಮ್ಯಾಂಡೊಲಿನ್ನಿನ ನಾಲ್ಕು ಜೋಡಿ ತಂತಿಗಳನ್ನು ಪಂಚಮದ ಅಂತರದಲ್ಲಿ ಬಿಗಿಯುತ್ತಾರೆ. ಗಿಟಾರಿನಲ್ಲಿ ಬಹುಮಟ್ಟಿಗೆ ಮಧ್ಯಮದ ಅಂತರ. ಆದಕಾರಣ ಗಿಟಾರಿನ ಕೊನೆಯ ಎರಡು ತಂತಿಗಳ ಮೇಲೆ ಒಂದೇ ಬೆರಳನ್ನು ಅಡ್ಡಲಾಗಿ ಒತ್ತಿದರೆ ಪಂಚಮವೂ ಅದರ ಮೇಲಿನ ಷಡ್ಜವೂ ಒಟ್ಟಿಗೆ ಹೊರಡುತ್ತವೆ. ನನಗೋ ಅದಕ್ಕೆ ಎರಡು ಮೆಟ್ಟುಗಳ ಅಂತರದಲ್ಲಿ ಎರಡು ಬೆರಳುಗಳು ಬೇಕು. ಆ ವೇಗದಲ್ಲಿ ಈ ವಯಸ್ಸಿನ ಬೆರಳುಗಳು ಒಂದನ್ನೊಂದು ತುಳಿಯುತ್ತಿದ್ದುವು. ಸಾಧಾರಣ ಗಾಂಧಾರವನ್ನು ಹಿಡಿದು ಅಂತರ ಗಾಂಧಾರದ ಕಡೆಗೆ ತಂತಿಯನ್ನು ಎಳೆದು, ಎರಡರ ನಡುವೆಯೇ ನಿಲ್ಲಿಸುವ ಒಂದು ಚಳಕವಿದೆ. ನಮ್ಮ ವೈಣಿಕರಿಗೆ ಅದು ಹೊಸದಲ್ಲ. ಆದರೆ ಮ್ಯಾಂಡೊಲಿನ್ನಿನ ಬಿಗಿಯಾದ ಜೋಡಿ ತಂತಿಗಳನ್ನು ಎಳೆದರೆ ಎರಡೂ ಸಮನಾಗಿ ಏರದೆ ಜಗಳವಾಡುತ್ತವೆ. ಎಳೆಯುವುದನ್ನು ಬಿಟ್ಟು ಜಾರಿಸಿ ನೋಡಿದೆನು. ಹುಡುಗಿ ಮರ್ಯಾದೆಗಾಗಿ ಸುಮ್ಮನಿದ್ದಳು.

ಈ ಪೀಠಿಕೆಯೂ ಬೆರ್ರಿಯ ಸ್ವಂತದ್ದಲ್ಲ. 1946ರಲ್ಲಿ ಲೂಯಿ ಜೋರ್ಡನ್ನನ ತಂಡದ ಒಂದು ತಟ್ಟೆಯಲ್ಲಿ ಕಾರ್ಲ್ ಹೋಗನ್ ಎಂಬ ಗಿಟಾರ್ ವಾದಕನು ನುಡಿಸಿದ್ದನ್ನೇ ಅವನು ತನ್ನ ಕೈಗೆ ಒಗ್ಗಿಸಿಕೊಂಡಿದ್ದನು. ಇದರಿಂದ ನನಗೆ ಸ್ವಲ್ಪ ಸಮಾಧಾನವಾಯಿತೇ ಹೊರತು ಬೆರಳುಗಳಿಗೆ ಆಗಲಿಲ್ಲ. ಅನುಕೂಲಕ್ಕಾಗಿ ಶ್ರುತಿಯನ್ನು ಅರ್ಧ ಸ್ವರದಷ್ಟು ಇಳಿಸೋಣವೆಂದೆನು. "ಅಪ್ಪ ಯಾವಾಗ್ಲೂ ಬಿ-ಫ್ಲ್ಯಾಟಿನಲ್ಲೇ ನುಡಿಸ್ತಿದ್ದಿದ್ದು" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ದಾರಿ ತೋರಿದ್ದು ನಾನು ಲಕ್ಷ್ಯವಿಟ್ಟು ಕೇಳದೆ ಬಿಟ್ಟಿದ್ದ ಕಡೆಯಲ್ಲಿ. ಹಾಡಿನ ಅಡಿಯಲ್ಲಿ ಷಡ್ಜ-ಪಂಚಮ, ಷಡ್ಜ-ಧೈವತ, ಷಡ್ಜ-ಪಂಚಮ ಎಂದು ಬಂಡಿಯ ಚಕ್ರದಂತೆ ಉರುಳುವ ಒಂದು ನಡೆಯಿದೆ. ಗಿಟಾರಿನಲ್ಲಿ ಇದಕ್ಕೆ ಬೆರಳುಗಳನ್ನು ಅಗಲಿಸಬೇಕು. ಮ್ಯಾಂಡೊಲಿನ್ನಿನಲ್ಲಿ ತೋರುಬೆರಳನ್ನು ಮೂರನೆಯ ಮೆಟ್ಟಿನಲ್ಲಿ ದಪ್ಪನೆಯ ಎರಡು ಜೋಡಿಗಳ ಮೇಲೆ ಅಡ್ಡ ಒತ್ತಿದರೆ ಷಡ್ಜ-ಪಂಚಮ. ಉಂಗುರದ ಬೆರಳು ಎರಡು ಮೆಟ್ಟು ಮುಂದೆ ಬಿದ್ದರೆ ಧೈವತ. ಪಂಚಮವನ್ನು ಆಧಾರ ಮಾಡುವಾಗ ಅದೇ ಮೆಟ್ಟಿನಲ್ಲಿ ಪಕ್ಕದ ಜೋಡಿಗೆ ಸರಿದರಾಯಿತು. ಮಧ್ಯಮಕ್ಕೆ ಅಲ್ಲಿಂದ ಎರಡು ಮೆಟ್ಟು ಹಿಂದೆ. ಯಾವ ಶ್ರುತಿಯಾದರೂ ಕೈಯ ಆಕಾರವು ಅದೇ. ಪೀಠಿಕೆಯಲ್ಲಿ ನನ್ನನ್ನು ಕಾಡಿದ ಪಂಚಮದ ಅಂತರವೇ ಇಲ್ಲಿ ನನ್ನನ್ನು ಕೈಹಿಡಿದು ನಡೆಸಿತು. ಗಿಟಾರಿನ ಮಂದ್ರದ ತೂಕ ಇದಕ್ಕೆ ಬರುವುದಿಲ್ಲ, ನಿಜ. ಆದರೆ ಗಿಟಾರ್ ಪಕ್ಕದಲ್ಲಿರುವಾಗ ಆ ತೂಕ ನನಗೇಕೆ?

ತಮ್ಮನು ನನ್ನನ್ನು ಕೇಳಿದ್ದೂ ಬಹುಶಃ ಇದನ್ನೇ. ಅವನು ಮುಂದೆ, ನಾನು ಜೊತೆಗೆ. ಅಣ್ಣನಾದವನಿಗೆ ಅದು ಹೊಳೆಯಲಿಲ್ಲ.

ವರ್ಷಾಂತಿಕದ ಹಿಂದಿನ ಸಂಜೆ ಕುಳಿತೆವು. ಹನ್ನೆರಡು ಭಾಗಗಳು, ಒಂದೊಂದಕ್ಕೆ ನಾಲ್ಕು ಎಣಿಕೆ, ಒಟ್ಟು 48 ಎಣಿಕೆಗಳ ಆವರ್ತ. ಮೊದಲಿನ ಎರಡು ಆವರ್ತಗಳಲ್ಲಿ, ತಾಳ ಬಲ್ಲವನೆನಿಸಿಕೊಂಡ ನಾನೇ ಮಧ್ಯಮಕ್ಕೆ ಮುಂಚಿತವಾಗಿ ಹಾರಿದೆನು. ಮೂರನೆಯದರಲ್ಲಿ ನಡೆ ಕೂಡಿಬಂದಿತು. ಅಷ್ಟರಲ್ಲಿ ಅವಳು ಗಾಂಧಾರವನ್ನು ಎಳೆದು ನಿಲ್ಲಿಸಿದಳು, ಗೋಡೆಯಾಚೆಯ ಕೋಣೆಯಿಂದ ನಾನು ವರ್ಷಗಟ್ಟಲೆ ಕೇಳಿ ಗೊಣಗುತ್ತಿದ್ದ ಹಾಗೆಯೇ, ಒಂದು ಕೂದಲೆಳೆಯಷ್ಟು ತಡವಾಗಿ. ನನ್ನ ಕೈ ನಿಂತಿತು.

"ಯಾಕೆ ದೊಡ್ಡಪ್ಪ, ನಿಲ್ಲಿಸಿಬಿಟ್ರಿ?"

"ಏನಿಲ್ಲ, ತಂತಿ ಇಳಿದಿತ್ತು" ಎಂದು ಬಿರಡೆಯನ್ನು ಸುಮ್ಮನೆ ಮುಟ್ಟಿದೆನು. "ಮೊದಲಿಂದ ಹಿಡಿ."